ಡ್ರಾಯಿಂಗ್ ಕಲಸಲಾಕೂ ಟ್ರೇನಿಂಗ್ ಬೇಕ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಓದುಗರ ಕಾಲಂನಾಗ ಒಬ್ರು ಹಿರೇರು ಬರದಿದ್ರು, ಡ್ರಾಯಿಂಗ್ ಮಾಸ್ತರ ಆಗಲಾಕ ಟ್ರೇನಿಂಗ್ ಗೀನಿಂಗ್ ಏನ್ ಬೇಕು, ಕೈ ಛಲೋ ಇದ್ರ ಮುಗೀತು, ತಾ ತಗಿಯಾವ ಮಕ್ಕಳಿಗೂ ತಗಿಲಾಕ ಹಚ್ತಾನ ಅಂತ. ಹಿರೇರ ಮ್ಯಾಲ ಸಿಟ್ಟೇನಿಲ್ರಿ, ನಮ್ಮ ಮನ್ಯಾಗ ನಮ್ಮಪ್ಪನೂ ಹಂಗೇ ಅಂತಾನ. ಆದ್ರ ನಾ ಕಲಬುರಗಿದಾಗ ನಾಕು ವರ್ಷ ಬಿ.ವಿ.ಎ. ಅಂದ್ರ ಚಿತ್ರಕಲಾ ಡಿಗ್ರಿ ಓದಿ ಮುಗಿಸಿದಾಕಿ, ಆಖ್ರಿ ವರ್ಷ ಒಂದು ಸರ್ಕಾರಿ ಹೈಸ್ಕೂಲಿಗೆ ಹೋಗಿ ಡ್ರಾಯಿಂಗ್ ಕಲಸಲಾಕ ಕೈ ಹಾಕಿ ಬರೋಬ್ಬರಿ ಮುಖ ಕೆಡಿಸಿಕೊಂಡಾಕಿ, ಅದಕ್ಕ ಸುಮ್ನ ಕುಂದ್ರಲಾಕ ಆಗಲಿಲ್ಲ. ಜರಾ ಉದ್ದ ಆಗ್ತದ, ಕತ್ತರಿ ಹಾಕೂದಿದ್ರ ನಡುವಿಂದ ಹಾಕ್ರಿ, ಕೊನಿದು ಉಳಸ್ರಿ.

ಮೊದ್ಲು ನಮ್ಮ ಕಾಲೇಜಿನಾಗ ಏನ್ ಕಲಸ್ತಾರ ಅಂತ ಹೇಳ್ತೀನಿ, ಯಾಕಂದ್ರ ಮಂದಿಗಿ ಗೊತ್ತಿಲ್ಲ. ಮೊದ್ಲನೇ ವರ್ಷ ಗೆರಿ, ಶೇಡಿಂಗ್, ಸ್ಟಿಲ್ ಲೈಫ್ (ಎದುರಿಗಿ ಸಾಮಾನು ಇಟ್ಟು ತಗಿಯೋದು), ಪರ್ಸ್‌ಪೆಕ್ಟಿವ್ (ನೋಡೋ ಜಾಗ ಬದಲಾದ್ರ ಆಕಾರ ಹೆಂಗ ಬದಲಾಗಿ ಕಾಣ್ತದ ಅನ್ನೋದು), ಮಣ್ಣಿನ ಕೆಲಸ ಎಲ್ಲಾ ಅಷ್ಟಷ್ಟು. ಆಮ್ಯಾಲ ಪೇಂಟಿಂಗೋ ಸ್ಕಲ್ಪ್ಚರ್ರೋ ಅಪ್ಲೈಡ್ ಆರ್ಟೋ ಒಂದು ಹಿಡಕೋಬೇಕು. ಎದುರಿಗಿ ಮಾಡೆಲ್ ಕುಂಡ್ರಿಸಿ ಪೋರ್ಟ್ರೇಟ್, ಕಾಂಪೋಸಿಷನ್, ಕಲಾ ಇತಿಹಾಸ. ಮುಂಜಾನಿ ಅಪ್ಪನ ಕೆರಿ ದಂಡಿಗೆ ಲ್ಯಾಂಡ್‌ಸ್ಕೇಪ್, ಸಂಜಿಗೆ ಸೂಪರ್ ಮಾರ್ಕೆಟ್ ಕಡಿ ಬಾಳೆಹಣ್ಣಿನ ಬಂಡಿ, ರೇಲ್ವೆ ಸ್ಟೇಷನ್ನಿನಾಗ ಗಂಟುಮೂಟಿ ಮ್ಯಾಲ ತಲಿ ಇಟ್ಟು ಮಲಗಿದವರ ಸ್ಕೆಚ್, ದಿನಕ್ಕ ಇಪ್ಪತ್ತು ಸ್ಕೆಚ್ ತೋರ್ಸಬೇಕು ಇಲ್ಲಂದ್ರ ಬೈಗುಳ. ಭಾಳ ಛಲೋ ಕಲಸಿದ್ರು, ಅದರಾಗ ಎರಡು ಮಾತಿಲ್ಲ. ಕೈ ತಯಾರಾಯ್ತು. ಆದ್ರ ಆ ನಾಕು ವರ್ಷದಾಗ ಒಂದೇ ಒಂದು ದಿನ ಯಾರೂ ನಮಗ ಒಂದು ಕ್ಲಾಸಿನ ಮುಂದ ನಿಲ್ಲಸಲಿಲ್ಲ. ಹಂಗ ನೋಡಿದ್ರ ನಮ್ಮ ಬ್ಯಾಚಿನಾಗ ಅರ್ಧಕ್ಕಿಂತ ಹೆಚ್ಚು ಮಂದಿ "ಮುಂದ ಏನ್ ಮಾಡ್ತಿ" ಅಂದ್ರ "ಡ್ರಾಯಿಂಗ್ ಟೀಚರ್" ಅಂತಿದ್ರು. ಗ್ಯಾಲರಿಗೆ ಪೇಂಟಿಂಗ್ ಮಾರಿ ಹೊಟ್ಟಿ ತುಂಬ್ತದ ಅಂತ ಈ ಕಡಿ ಯಾರೂ ನಂಬಂಗಿಲ್ರಿ.

ನಾನೇ ನಮ್ಮೂರ ಹತ್ರದ ಹೈಸ್ಕೂಲಿನ ಹೆಡ್‌ಮಾಸ್ತರಿಗಿ ಕೇಳಿ, ವಾರದಾಗ ಎರಡು ದಿನ ಬರ್ತೀನ್ರಿ ಪಗಾರ ಬ್ಯಾಡ ಅಂತ ಒಪ್ಪಿಸಿ ಹೋದೆ. ಮೊದ್ಲನೇ ದಿನ ಎಂಟನೇ ಕ್ಲಾಸು, ಅರವತ್ತೆರಡು ಮಕ್ಕಳು, ಬೆಂಚಿಗೆ ನಾಕು ನಾಕು ಮಂದಿ ಒತ್ತಿ ಕುಂತಾವ. ನಾ ಮನ್ಯಾಗಿಂದ ಒಂದು ಮಣ್ಣಿನ ಗಡಿಗಿ ತಗೊಂಡು ಹೋಗಿದ್ದೆ, ಟೇಬಲ್ ಮ್ಯಾಲ ಇಟ್ಟೆ, ಬೋರ್ಡಿನ ಕಡಿ ತಿರುಗಿ ಚಾಕಿನಿಂದ ಗಡಿಗಿ ತಗಿಲಾಕ ಚಾಲೂ ಮಾಡಿದೆ. ನಡಗೆರಿ, ಎರಡೂ ಕಡಿ ಹೊಟ್ಟಿ, ಬಾಯಿಗಿ ಎಲಿಪ್ಸ್ ಅಂದ್ರ ಚಪ್ಪಟಿ ಗೋಲ್, ಆಮ್ಯಾಲ ಚಾಕ್ ಅಡ್ಡ ಹಿಡದು ಶೇಡಿಂಗು, ಎಡಕ್ಕ ಬೆಳಕು, ತೆಳಗ ನೆರಳು. ನನ್ನ ಗಡಿಗಿ ನನಗೇ ಛಲೋ ಅನಸಲಾಕತ್ತು. ಹತ್ತು ಮಿನಿಟ್ ಆಗಿರಬೇಕು. ತಿರುಗಿ ನೋಡಿದ್ರ ಹಿಂದಿನ ಎರಡು ಲೈನ್ ಖಾಲಿ, ಕಿಟಕಿದಾಗಿಂದ ಹಾರಿ ಬೋರಿಂಗಿನ ಹತ್ರ ನಿಂತಾವ, ಮುಂದ ಕುಂತವರೊಳಗ ಹೆಣ್ಮಕ್ಕಳು ಸ್ಕೇಲ್ ಹಿಡದು ಗಡಿಗಿ ತಗಿಲಾಕ ನೋಡ್ಲಾಕತ್ತಾವ. ಸ್ಕೇಲ್ ಹಿಡದು ಗಡಿಗಿ!

ಮೂರನೇ ಬೆಂಚಿನಾಗ ಒಬ್ಬ ಹುಡುಗ ಹಾಳಿ ಖಾಲಿ ಇಟ್ಕೊಂಡು ಕುಂತಿದ್ದ. ಯಾಕೋ ಅಂದೆ. "ನಂಗ ಬರಂಗಿಲ್ರಿ ಟೀಚರ್" ಅಂದ. ಬರ್ತದ ತಗಿ ಅಂತ ಜೋರು ಮಾಡಿ ತಗಿಸಿದೆ, ಒಂದು ಕಡಿ ಹೊಟ್ಟಿ ಉಬ್ಬಿ ಒಂದು ಕಡಿ ಚಪ್ಪಟಿ ಆಯ್ತು, ಬಾಯಿ ಸೊಟ್ಟ. ನಾ ಅಂವನ ಪೆನ್ಸಿಲ್ ಕಸಗೊಂಡು ಅವನ ಹಾಳಿ ಮ್ಯಾಲೇ ಸರಿ ಮಾಡಿದೆ, ರಬ್ಬರ್ ಹಚ್ಚಿ ಅಳಿಸಿ, ಎಲಿಪ್ಸ್ ಹಾಕಿ, ಜರಾ ಶೇಡಿಂಗೂ ಕೊಟ್ಟೆ. ನೋಡಿದೇನು, ಹಿಂಗ ತಗಿಬೇಕು ಅಂದೆ. ಹುಡುಗ ಆ ಹಾಳಿ ಕಡಿ ನೋಡ್ದ, ನನ್ನ ಕಡಿ ನೋಡ್ದ, ನೋಟ್‌ಬುಕ್ಕಿನಿಂದ ಪರ್ ಅಂತ ಹರದು ನನ್ನ ಕೈಯಾಗ ಕೊಟ್ಟು, "ಇದು ನಿಮ್ದಾಯ್ತಲ್ರಿ ಟೀಚರ್, ನೀವೇ ಇಟ್ಕೋರಿ" ಅಂದ. ಕ್ಲಾಸೆಲ್ಲಾ ನಕ್ಕಿತು. ಅಂವ ಉದ್ಧಟತನದಿಂದ ಅನ್ನಲಿಲ್ರಿ, ಖರೇನೇ ಹೇಳ್ದ, ಅದಕ್ಕೇ ಭಾಳ ನಾಟಿತು.

ಈಗ ಬಿ.ಇಡಿ ಹುಡುಗರ ಕಡಿ ನೋಡ್ರಿ. ಟೀಚರ್ ಟ್ರೇನಿಂಗ್ ನೋಡ್ಕೊಳ್ಳೋ ಕೇಂದ್ರದ ಸಂಸ್ಥಾ ಎನ್‌ಸಿಟಿಇದ 2014ರ ನಿಯಮದ ಪ್ರಕಾರ ಎರಡು ವರ್ಷದ ಬಿ.ಇಡಿದಾಗ ಒಟ್ಟು 20 ವಾರ ಸಾಲಿಯೊಳಗ ಕಳೀಬೇಕು, ಅದರಾಗ 16 ವಾರ ಎರಡನೇ ವರ್ಷ. ಲೆಸನ್ ಪ್ಲಾನ್ ಬರೀಬೇಕು, ಹಿಂದಿನ ಬೆಂಚಿನಾಗ ಲೆಕ್ಚರರ್ ಕುಂತು ತಪ್ಪು ಬರ್ಕೋತಾರ, ಗೆಳ್ಯಾರು ಬರ್ಕೋತಾರ. ಎಷ್ಟು ಕಡಿ ಅದು ಕಾಗದದ ಮ್ಯಾಲಷ್ಟೇ ನಡೀತದ ಅನ್ನೋದು ಬ್ಯಾರೆ ಕಥಿ, ಆದ್ರ ನಿಯಮ ಅಂತೂ ಅದ. ಇಂಗ್ಲೆಂಡಿನಾಗ ಹೈಸ್ಕೂಲಿಗೆ ಆರ್ಟ್ ಟೀಚರ್ ಆಗೋರು ಟ್ರೇನಿಂಗಿನಾಗ ಕಮ್ಮಿ ಅಂದ್ರೂ 120 ದಿನ ಸಾಲಿಯೊಳಗ ಇರಬೇಕಂತ, ಅದೂ ಎರಡು ಬ್ಯಾರೆ ಬ್ಯಾರೆ ಸಾಲಿ ನೋಡಿರಬೇಕು. ಅಲ್ಲಿ ಗಣಿತದ ಟ್ರೇನಿಗೂ ಅಷ್ಟೇ, ಚಿತ್ರದ ಟ್ರೇನಿಗೂ ಅಷ್ಟೇ. ನಮ್ಮಲ್ಲಿ ಬಿ.ಇಡಿದಾಗ ಮೆಥಡ್, ಅಂದ್ರ ಯಾವ ವಿಷಯ ಕಲಸಲಾಕ ತಯಾರಾಗ್ತಾರೋ ಅದು, ಅಂದ್ರ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ. ಡ್ರಾಯಿಂಗ್ ಮೆಥಡ್ ತಗೊಂಡೀನಿ ಅನ್ನೋರನ್ನ ನಾ ಈ ಕಡಿ ಒಬ್ಬರನ್ನೂ ನೋಡಿಲ್ಲ. ಹೆಂಗಾಗ್ಯದ ಅಂದ್ರ ಬಿ.ಇಡಿ ಹುಡುಗರಿಗಿ ಕಲಸಲಾಕ ಬರ್ತದ ತಗಿಲಾಕ ಬರಂಗಿಲ್ಲ, ನಮಗ ತಗಿಲಾಕ ಬರ್ತದ ಕಲಸಲಾಕ ಬರಂಗಿಲ್ಲ. ಅವರ ಪ್ರಾಕ್ಟಿಕಲ್ ಸೀಜನ್ನಿನಾಗ ಹೃದಯದ ಚಾರ್ಟು, ಹೂವಿನ ಭಾಗದ ಚಾರ್ಟು, ಭಾರತದ ನಕ್ಷೆ ಎಲ್ಲಾ ನಮ್ಮ ಹಾಸ್ಟೆಲ್ಲಿನಾಗೇ ತಯಾರಾಗ್ತಿದ್ದವು, ಒಂದಕ್ಕ ನೂರು ರೂಪಾಯಿ. ನನ್ನ ಆಖ್ರಿ ವರ್ಷದ ಕ್ಯಾನ್ವಾಸ್ ಖರ್ಚು ಹಂಗೇ ಹೊಂಟದ, ಅದಕ್ಕ ಭಾಳ ಬೈಯಲಾಕೂ ಬಾಯಿ ಬರಂಗಿಲ್ಲ.

ಕಲಸೋದು ಹೆಂಗ ಅಂತ ನನಗ ಕಲಸಿದವರು ಆ ಹೈಸ್ಕೂಲಿನಾಗ ಹಿಂದ ಡ್ರಾಯಿಂಗ್ ಸರ್ ಆಗಿದ್ದು ರಿಟೈರ್ ಆಗ್ಯಾರಲ್ಲ, ಅವರು. ಹಳಿ ಕಾಲದ ಆರ್ಟ್ ಮಾಸ್ಟರ್ ಕೋರ್ಸ್ ಮಾಡಿದವರು, ಡ್ರಾಯಿಂಗಿನ ಲೋಯರ್ ಗ್ರೇಡ್ ಹೈಯರ್ ಗ್ರೇಡ್ ಪರೀಕ್ಷಾಕ್ಕ ಮಕ್ಕಳನ್ನ ಕುಂಡ್ರಸ್ತಿದ್ದವರು. ಊರಾಗೇ ಇರ್ತಾರ, ಸಂಜಿಗೆ ಗುಡಿ ಕಟ್ಟಿ ಮ್ಯಾಲ ಸಿಗ್ತಾರ. ಅವರ ಮುಂದ ಕುಂತು ಗಡಿಗಿ ಕಥಿ ಎಲ್ಲಾ ಹೇಳಿದೆ. ನಗಲಿಲ್ಲ. "ತಂಗಿ, ನೀ ಬೋರ್ಡಿಗಿ ಮಾರಿ ಮಾಡಿ ಹತ್ತು ಮಿನಿಟ್ ನಿಂತ್ರ ಅವರ್ಯಾಕ ಕುಂದ್ರತಾರ" ಅಂದ್ರು. ಮರುವಾರ ಬಡಗಿ ಊರಕೋತ ಸಾಲಿಗೇ ಬಂದ್ರು.

ಬಂದವರೇ ಮಾಡಿದ್ದೇನು ಗೊತ್ತಾ, ಬೋರ್ಡಿನ ಮ್ಯಾಲ ಗಡಿಗಿ ತಪ್ಪು ತಗದ್ರು. ಬೇಕಂತಲೇ. ಬಾಯಿ ಒಂದು ಗೆರಿ ಎಳದು ಬಿಟ್ರು, ತಳ ಹೊಟ್ಟಿಗಿಂತ ಅಗಲ ಮಾಡಿದ್ರು, ಅದೂ ಅಡ್ಡ ನಿಂತು, ಒಂದು ಕಣ್ಣು ಮಕ್ಕಳ ಕಡಿ ಇಟ್ಕೊಂಡು. ಆಮ್ಯಾಲ ಟೇಬಲ್ ಮ್ಯಾಲಿನ ಗಡಿಗಿ ತೋರ್ಸಿ, "ಬರೋಬ್ಬರಿ ಅದ ಏನ್ರೋ" ಅಂದ್ರು. ಅರವತ್ತೆರಡೂ ಬಾಯಿ ಬಿಟ್ಟವು. ಇಲ್ರಿ ಸರ ತಳ ದಪ್ಪಾಯ್ತು, ಬಾಯಿ ಗೋಲ್ ಅದರಿ, ಗೋಲ್ ಅಲ್ಲೋ ಹಿಂಗ ಚಪ್ಪಟಿ ಗೋಲ್ ಅದ, ನಾ ಕುಂತಲ್ಲಿಂದ ಒಳಗಿನ ಕತ್ತಲಾ ಕಾಣ್ತದ್ರಿ, ನಂಗ ಕಾಣವಲ್ದು. ನಾ ಪರ್ಸ್‌ಪೆಕ್ಟಿವ್ ಅಂತ ಒಂದು ಸೆಮಿಸ್ಟರ್ ಓದಿದ್ದು ಅವರು ಐದು ಮಿನಿಟಿನಾಗ ಮಕ್ಕಳ ಬಾಯಿಂದ ಹೇಳಸಿದ್ರು. ಕಣ್ಣಿನ ಮಟ್ಟಕ್ಕ ಗಡಿಗಿ ಎತ್ತಿ ಹಿಡದ್ರ ಬಾಯಿ ಒಂದು ಗೆರಿ ಆಗ್ತದ, ತೆಳಗ ಇಳಸಿದಂಗ ಅಗಲ ಆಗಕೋತ ಹೋಗ್ತದ, ಅದನ್ನ ಗಡಿಗಿ ಏರಿಸಿ ಇಳಿಸಿ ತೋರ್ಸಿದ್ರು ಅಷ್ಟೇ.

ಇನ್ನೊಂದು ಹೇಳಿದ್ರು: ಮಕ್ಕಳ ಹಾಳಿ ಮ್ಯಾಲ ನಿನ್ನ ಪೆನ್ಸಿಲ್ ಹಚ್ಚಬ್ಯಾಡ. ತೋರ್ಸೋದಿದ್ರ ಬ್ಯಾರೆ ತುಂಡು ಹಾಳಿ ಮ್ಯಾಲ ತೋರ್ಸು, ತೋರ್ಸಿ ಹರದು ಕಿಸೆದಾಗ ಇಟ್ಕೋ, ಅಂವ ನೋಡಿ ನಕಲು ಹೊಡಿಬಾರದು. ವಿಕ್ಟರ್ ಲೋವೆನ್‌ಫೆಲ್ಡ್ ಅಂತ ಆಸ್ಟ್ರಿಯಾದವರೊಬ್ರು ಮಕ್ಕಳ ಚಿತ್ರದ ಬಗ್ಗೆ ಭಾಳ ಕೆಲಸ ಮಾಡ್ಯಾರ, ಹನ್ನೆರಡು ಹದಿಮೂರು ವಯಸ್ಸಿಗಿ ಬಂದ ಮಕ್ಕಳು ತಾವು ತಗದ ಚಿತ್ರನ ತಾವೇ ದೊಡ್ಡವರ ಕಣ್ಣಿಂದ ನೋಡಿ ನಾಚಿಕೊಂಡು ತಗಿಯೋದೇ ಬಿಟ್ಟು ಬಿಡ್ತಾರ ಅಂತ ಅವರು ಹೇಳ್ತಾರ. ಬರೋಬ್ಬರಿ ನಮ್ಮ ಎಂಟನೇ ಕ್ಲಾಸು ಅದು. ಐದನೇ ಕ್ಲಾಸಿನ ತನಕ ಗ್ವಾಡಿ, ನೆಲ, ಪುಸ್ತಕ ಎಲ್ಲಾ ಕಡಿ ಗೀಚಿದ ಹುಡುಗನೇ ಹೈಸ್ಕೂಲಿಗೆ ಬಂದು ನಂಗ ಬರಂಗಿಲ್ಲ ಅಂತಾನ. ಇದನ್ನ ನಾ ಆಮ್ಯಾಲ ಮೊಬೈಲಿನಾಗ ಓದಿದ್ದು. ಸರ್ ಅವರಿಗಿ ಲೋವೆನ್‌ಫೆಲ್ಡ್ ಹೆಸರು ಗೊತ್ತಿಲ್ಲ, ವಿಷಯ ಗೊತ್ತಿತ್ತು.

ರಟ್ಟಿನ ಡ್ರಾಯಿಂಗ್ ಬುಕ್ಕು, ಕಲರ್ ಬಾಕ್ಸ್ ತರ್ರಿ ಅಂದ್ರ ಅರವತ್ತೆರಡರಾಗ ಹತ್ತು ಮಕ್ಕಳು ತರ್ತಾವ. ಉಳದವರ ತಂದಿ ತಾಯಿ ಕೂಲಿಗೆ ಹೋಗೋರು, ದೀಪಾವಳಿ ಆದ ಮ್ಯಾಲ ಕಬ್ಬು ಕಡಿಲಾಕ ಊರೇ ಬಿಡ್ತಾರ. ಕಾಲೇಜಿನಾಗ ನಮಗ ಕೊಟ್ಟಿದ್ದು ದಪ್ಪ ಕಾರ್ಟ್ರಿಜ್ ಹಾಳಿ ಮತ್ತ ಟ್ಯೂಬ್ ಕಲರ್, ಅದಿಲ್ಲದಿದ್ರ ಏನ್ ಮಾಡಬೇಕಂತ ಯಾರೂ ಹೇಳಿರಲಿಲ್ಲ. ಸರ್ ಅವರು ಮಕ್ಕಳನ್ನ ಹೊರಾಗ ವರಾಂಡಾಕ್ಕ ಕರ್ಕೊಂಡು ಬಂದ್ರು, ಶಹಾಬಾದ ಪರ್ಸಿ ಹಾಸಿದ ವರಾಂಡಾ, ಒಬ್ಬೊಬ್ಬರಿಗಿ ಒಂದೊಂದು ಪರ್ಸಿ, ಒಂದು ತುಂಡು ಚಾಕ್‌ಪೀಸು, ಒಂದು ಹಸಿ ಅರಿಬಿ. ತಗಿ, ಒರಸು, ಮತ್ತ ತಗಿ. ಆ ನೀಲಿ ಕರಿ ಕಲ್ಲಿನ ಮ್ಯಾಲ ಬಿಳಿ ಗೆರಿ ಎಷ್ಟು ಛಂದ ಕಾಣ್ತದ ಅಂತೀರಿ. ಅದಕ್ಕಿಂತ ದೊಡ್ಡದು, ತಪ್ಪಾದ್ರ ಹೆದರಿಕಿ ಇಲ್ಲ, ಹಾಳಿ ಹೋಯ್ತು ಅನ್ನೋ ಚಿಂತಿ ಇಲ್ಲ. ಪೆನ್ಸಿಲ್ ಹಿಡದ್ರ ಬೆರಳಷ್ಟೇ ಆಡ್ತಾವ, ಪರ್ಸಿ ಮ್ಯಾಲ ಮಕ್ಕಳ ಭುಜದಿಂದ ಕೈ ಆಡಲಾಕತ್ತು. ಮೂರನೇ ಬೆಂಚಿನ ನಮ್ಮ ಹುಡುಗ ಎರಡು ಪರ್ಸಿ ತುಂಬ ಒಂದೇ ಗಡಿಗಿ ತಗದ. ಸೊಟ್ಟೇ ಇತ್ತು, ಆದ್ರ ಹೊಟ್ಟಿ ಎರಡೂ ಕಡಿ ಉಬ್ಬಿತ್ತು.

ಬಣ್ಣದ ಕಥಿ ಇನ್ನೂ ಮಜಾ ಅದ. ಮನ್ಯಾಗಿಂದ ಅರಷಿಣ ತರ್ರಿ, ಒಲಿ ಮಸಿ ತರ್ರಿ ಅಂದಿದ್ದೆ, ಒಂದು ಹುಡುಗಿ ಚಿಕ್ಕಮ್ಮನ ಊರು ಬೀದರ ಕಡಿದು, ಅಲ್ಲಿಂದ ಕೆಮ್ಮಣ್ಣು ತಂದಿದ್ದಳು. ಜಾಲಿ ಗೋಂದು ನೀರಾಗ ನೆನಿಸಿ ಕಲಸಿ ಹಚ್ಚಿದ್ವಿ. ಕೆಂಪು ಸಾಕಾಗಲಿಲ್ಲ ಅಂದಾಗ ಇನ್ನೊಬ್ಬಾಕಿ ಸುಮ್ನ ಎದ್ದು ಸಾಲಿ ಅಡುಗಿ ಮನಿ ಅಮ್ಮನ ಚಂಚಿದಾಗಿಂದ ಎಲಿಗೆ ಹಚ್ಚೋ ಸುಣ್ಣ ತಂದು ಅರಷಿಣದಾಗ ಹಾಕಿದಳು, ಹಳದಿ ಹೋಗಿ ರಕ್ತದಂಗ ಕೆಂಪಾಯ್ತು. "ಆರತಿ ನೀರ್ ಹಿಂಗೇ ಮಾಡ್ತಾರಲ್ರಿ ಟೀಚರ್" ಅಂದಳು. ಬಾಜೂ ಕ್ಲಾಸಿನಾಗ ಆಮ್ಲ ಪ್ರತ್ಯಾಮ್ಲ ಕಲಸ್ಲಾಕತ್ತಿದ್ದ ವಿಜ್ಞಾನದ ಸರ್ ಬಂದು ನೋಡಿ ತಮ್ಮ ಕ್ಲಾಸನ್ನೂ ಕರ್ಕೊಂಡು ಬಂದು ನಿಲ್ಲಸಿದ್ರು. ನನ್ನ ಕ್ಲಾಸಿಗೆ ಮಂದಿ ಬಂದಿದ್ದು ಅದೇ ಮೊದ್ಲು.

ಇನ್ನ ವಾಟರ್ ಕಲರ್. ಪುಸ್ತಕದಾಗ ಬರೀತಾರ, ಮ್ಯಾಲಿಂದ ತೆಳಗ ನಿಧಾನ ವಾಶ್, ಅಂದ್ರ ನೀರಾದ ತೆಳು ಬಣ್ಣ, ಎಳೀರಿ ಅಂತ. ಏಪ್ರಿಲ್ ತಿಂಗಳ ಕಲಬುರಗಿ ಝಳದಾಗ ಎಳದು ನೋಡ್ರಿ, ಕುಂಚ ಆ ದಂಡಿಗೆ ಮುಟ್ಟೋದ್ರಾಗ ಈ ದಂಡಿ ಒಣಗಿ ಪಟ್ಟಿ ಬಿದ್ದಿರ್ತದ. ಹಾಳಿ ತೆಳಗ ಒದ್ದಿ ಅರಿಬಿ ಹಾಸಬೇಕು, ಮೊದ್ಲ ಹಾಳಿಗೇ ನೀರು ಹಚ್ಚಿಕೊಂಡು ಆಮ್ಯಾಲ ಬಣ್ಣ ಬಿಡಬೇಕು, ಇಲ್ಲಂದ್ರ ಮುಂಜಾನಿ ಮೊದ್ಲನೇ ಪೀರಿಯಡ್ ಇಸ್ಕೋಬೇಕು. ಮೊದ್ಲನೇ ಪೀರಿಯಡ್ ಡ್ರಾಯಿಂಗಿಗೆ ಕೊಡೋ ಹೆಡ್‌ಮಾಸ್ತರ ಇನ್ನೂ ಹುಟ್ಟಬೇಕು, ಅದು ಬಿಡ್ರಿ.

ಆ ಹಿರೇರು ತಮ್ಮ ಪತ್ರದಾಗ ನಮ್ಮ ಹೆಸರಾಂತ ಚಿತ್ರಕಾರ ಎಸ್.ಎಂ. ಪಂಡಿತರ ಹೆಸರು ತಗದಾರ, ಪಂಡಿತರಿಗಿ ಯಾರು ಟ್ರೇನಿಂಗ್ ಕೊಟ್ಟಿದ್ರು ಅಂತ. ಕೊಟ್ಟಿದ್ರಲ್ರಿ! 1916ರಾಗ ಕಲಬುರಗಿದಾಗ ಹುಟ್ಟಿದ ಪಂಡಿತರಿಗಿ ಇಲ್ಲೇ ಶಂಕರರಾವ್ ಆಳಂದಕರ್ ಅಂತ ಗುರುಗಳಿದ್ರು, ಅವರು ಮುಂಬೈ ಜೆ.ಜೆ. ಆರ್ಟ್ ಸ್ಕೂಲಿನಾಗ ಕಲ್ತು ಬಂದವರು. ಪಂಡಿತರ ಹೆಸರಿನ ರಂಗಮಂದಿರಕ್ಕ ಗ್ಯಾದರಿಂಗ್ ನೋಡಲಾಕ, ನಾಟಕ ನೋಡಲಾಕ ಎಲ್ಲರೂ ಹೋಗ್ತೀವಿ, ಆಳಂದಕರ್ ಅಂದ್ರ ಯಾರ್ರಿ ಅಂತೀವಿ. ಕೈ ಇದ್ದ ಹುಡುಗ ಸಿಕ್ಕಾಗ ಆ ಕೈ ಗುರುತು ಹಿಡದು ಮುಂದ ಕಳಸಲಾಕ ಒಬ್ಬ ಕಲಸಾವ ಇದ್ದ, ನಾ ಹೇಳೋದೂ ಅದೇ.

ಈ ಕಡಿ ಕಲಸಲಾಕ ಸಾಮಾನು ಕಮ್ಮಿ ಅದಾವೇನು? ಬೀದರಿನಾಗ ಬಿದರಿ ಕೆಲಸದವರು ಜಿಂಕ್ ತಾಮ್ರದ ಪಾತ್ರಿಗೆ ಮೈಲುತುತ್ತ ಹಚ್ಚಿ ಕರಿ ಮಾಡಿ, ಅದರ ಮ್ಯಾಲ ಮೊನಚು ಸಲಾಕಿಂದ ಡಿಸೈನ್ ಗೀರ್ತಾರ, ಆಮ್ಯಾಲ ಕೆತ್ತಿ ಬೆಳ್ಳಿ ತಂತಿ ಕೂಡಸ್ತಾರ, ಕೊನಿಗೆ ಕ್ವಾಟಿ ಮಣ್ಣು ನವಸಾಗರ ಹಚ್ಚಿ ಕಾಯಂ ಕರಿ ಮಾಡ್ತಾರ. ಆ ಗೀರೋದು ಅದಲ್ಲ, ಅದೇ ನಮ್ಮ ಸಿಲಬಸ್ಸಿನ ಫ್ರೀ ಹ್ಯಾಂಡ್ ಡಿಸೈನು. ಅದೇ ಬೀದರಿನ ಮಹಮೂದ್ ಗಾವಾನನ ಮದರಸಾದ ಮುಂದಿನ ಗ್ವಾಡಿದಾಗ ಉಳದ ನೀಲಿ ಹೆಂಚು, ಸುರಪುರದ ಚಿತ್ರಗಾರರು ಗರುಡಾದ್ರಿ ಮನೆತನದವರ ಕೂದಲೆಳಿ ಗೆರಿ, ಭೀಮಾ ದಂಡಿ ಕನಗನಹಳ್ಳಿದಾಗ ಬ್ರಾಹ್ಮಿ ಲಿಪಿಯೊಳಗ "ರಾಯೋ ಅಸೋಕೋ" (ರಾಜ ಅಶೋಕ) ಅಂತ ಹೆಸರು ಕೊರದ ಅಶೋಕನ ಶಿಲ್ಪ. ನಾವು ಕಲಾ ಇತಿಹಾಸದಾಗ ಇವನ್ನೆಲ್ಲಾ ಹತ್ತು ಮಾರ್ಕಿನ ಪ್ರಶ್ನಿಗೆ ಓದಿ ಬರದೀವಿ. 40 ಮಿನಿಟಿನ ಪೀರಿಯಡ್ಡಿನಾಗ ಒಂಬತ್ತನೇ ಕ್ಲಾಸಿನ ಮಕ್ಕಳಿಗಿ ಇದನ್ನ ಹೆಂಗ ಮುಟ್ಟಸಬೇಕು ಅಂತ ಕೇಳಿದ್ರ ಒಬ್ಬರಿಗೂ ಬರಂಗಿಲ್ಲ, ನನ್ನನ್ನೂ ಹಿಡದು. ನಾ ಒಂದ್ಸಲ ಬಿದರಿ ಹೂವಿನ ಬಳ್ಳಿ ಬೋರ್ಡ್ ಮ್ಯಾಲ ತಗದು ನಕಲು ಮಾಡ್ರಿ ಅಂದೆ, ಸತ್ತ ಕ್ಲಾಸದು. ಕರಿ ಕ್ರೆಯಾನ್ ದಪ್ಪಗ ಬಳದು ಮೊಳಿಯಿಂದ ಗೀರಸಬೇಕು ಅಂತ ಹೊಳದಿದ್ದು ಆರು ವಾರ ಆದ ಮ್ಯಾಲ.

ಸೌಲಭ್ಯ ಇಲ್ಲ, ಪೋಸ್ಟ್ ಕರಿಯಂಗಿಲ್ಲ, ಎಸ್ಸೆಸ್ಸೆಲ್ಸಿ ಮಾರ್ಕಿನಾಗ ಡ್ರಾಯಿಂಗ್ ಇಲ್ಲ ಅದಕ್ಕ ಜನವರಿ ಬಂತಂದ್ರ ನಮ್ಮ ಪೀರಿಯಡ್ ಗಣಿತಕ್ಕ ಹೋಗ್ತದ, ಡ್ರಾಯಿಂಗ್ ಟೀಚರ್ ಅಂದ್ರ ಆಗಸ್ಟ್ ಹದಿನೈದಕ್ಕ ಬೋರ್ಡ್ ಬರ್ಯಾಕಿ ರಂಗೋಲಿ ಹಾಕಾಕಿ. ಇವೆಲ್ಲಾ ಖರೆ ಅವ, ಎಲ್ಲರೂ ಬರೀತಾರ, ನಾ ಬರಿಯಂಗಿಲ್ಲ.

ನಾ ಕೇಳೋದು ಇಷ್ಟೇ. ಚಿತ್ರಕಲಾ ಕಾಲೇಜು ನಡಸೋರು, ವಿಶ್ವವಿದ್ಯಾಲಯದವರು ಆಖ್ರಿ ವರ್ಷದ ಒಂದು ಟರ್ಮ್ ಸಾಲಿಗೆ ಇಡ್ರಿ. ಟೀಚರ್ ಆಗಬೇಕು ಅನ್ನೋರಿಗಷ್ಟೇ, ಎಲ್ಲರಿಗೂ ಅಲ್ಲ, ಗ್ಯಾಲರಿಗೆ ಹೋಗೋರು ಹೋಗಲಿ. ಹದಿನೈದು ದಿನದ ಸರ್ಟಿಫಿಕೇಟ್ ತಗೊಂಡು ಬರ್ರಿ ಅನ್ನೋ ಆಟ ಬ್ಯಾಡ, ಜೂನ್ ತಿಂಗಳ ಮೊದ್ಲನೇ ದಿನದಿಂದ ಅಕ್ಟೋಬರ್ ಸೂಟಿ ತನಕ ಒಂದೇ ಸಾಲಿ, ಒಂದೇ ಕ್ಲಾಸು, ಮಕ್ಕಳ ಹೆಸರು ಬಾಯಿಪಾಠ ಆಗೋ ತನಕ. ರಿಟೈರ್ ಆದ ಡ್ರಾಯಿಂಗ್ ಸರ್‌ಗಳು ಈ ಕಡಿ ಹಳ್ಳಿ ಹಳ್ಳಿಗೆ ಅದಾರ, ಅವರಿಗಿ ಬಸ್ ಚಾರ್ಜು, ಜರಾ ಗೌರವಧನ ಕೊಟ್ಟು ನಮ್ಮ ಹಿಂದ ಕುಂಡ್ರಸ್ರಿ. ಅವರು ಇನ್ನ ಹತ್ತು ವರ್ಷ ಆದ ಮ್ಯಾಲ ಸಿಗಂಗಿಲ್ಲ, ಅವರ ತಲ್ಯಾಗ ಇದ್ದದ್ದು ಯಾವ ಪುಸ್ತಕದಾಗೂ ಬರದಿಲ್ಲ. ಮತ್ತ ಮಾರ್ಕ್ಸ್ ಕೊಡೋವಾಗ ಟ್ರೇನಿ ಏನ್ ತಗದಾಳ ಅಂತ ನೋಡಬ್ಯಾಡ್ರಿ, ಅಕಿ ಕ್ಲಾಸಿನ ಮಕ್ಕಳು ಜೂನ್‌ದಾಗ ಏನ್ ತಗೀತಿದ್ರು, ಅಕ್ಟೋಬರ್‌ದಾಗ ಏನ್ ತಗದಾರ, ಎರಡೂ ಬಾಜೂ ಬಾಜೂ ಇಟ್ಟು ನೋಡ್ರಿ.

ನಾ ಇದನ್ನ ಮಾಡಿ ನೋಡೀನ್ರಿ. ಆಖ್ರಿ ಪರೀಕ್ಷಾದಾಗ ಡಿಸ್‌ಪ್ಲೇ ಹಚ್ಚೋವಾಗ ನನ್ನ ಐದು ಕ್ಯಾನ್ವಾಸ್ ಬಾಜೂಕ ಒಂದು ಫೈಲ್ ಇಟ್ಟಿದ್ದೆ, ಅದರಾಗ ಆ ಮೂರನೇ ಬೆಂಚಿನ ಹುಡುಗನ ಎರಡು ಹಾಳಿ, ಒಂದು ನಾ ತಿದ್ದಿ ಕೆಡಿಸಿದ್ದು, ಒಂದು ಆಮ್ಯಾಲ ಅಂವನೇ ತಗದಿದ್ದು, ಅಂವನ ಅವ್ವ ಹೊಲಕ್ಕ ಬುತ್ತಿ ಗಂಟು ತಲಿ ಮ್ಯಾಲ ಇಟ್ಕೊಂಡು ಹೋಗೋದು, ಗಂಟಿನ ಪಕ್ಕಕ್ಕ ನೀರಿನ ಗಡಿಗಿ, ಗಡಿಗಿ ಬಾಯಿ ಬರೋಬ್ಬರಿ ಎಲಿಪ್ಸ್. ಹೊರಗಿನಿಂದ ಬಂದ ಎಕ್ಸಾಮಿನರ್ ಕ್ಯಾನ್ವಾಸ್ ಒಂದೊಂದೇ ನೋಡಕೋತ ಬಂದ್ರು, ಫೈಲ್ ತಗದು ನೋಡಿ "ಇದು ಯಾರ್ದಮ್ಮ" ಅಂದ್ರು. ನನ್ನ ಕ್ಲಾಸಿನ ಹುಡುಗಂದ್ರಿ ಸರ ಅಂದೆ. "ನಿಂದು ಏನದ ಅಷ್ಟು ತೋರ್ಸು" ಅಂತ ಫೈಲ್ ಮುಚ್ಚಿ ಕುರ್ಚಿ ತೆಳಗ ಇಟ್ರು.

ಇಂತಿ ನಿಮ್ಮ ಓದುಗಾರ್ತಿ,
ಕಲಬುರಗಿ ಜಿಲ್ಲೆ